ಹುಳದ ಮನೆಗೆ ಬಂದ ಬೂಟು

ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು ಅಂದರೆ ಪಟ್ಟಣದ ಹೆಂಗಸರು ಮೊದಲು ಕೇಳುವುದು ಒಂದೇ ಮಾತು: "ಅಯ್ಯೋ, ನಿಮಗೆ ಅಸಹ್ಯ ಆಗ್ತಿರಲಿಲ್ವಾ?" ಮೈಮೇಲೆ ರೇಷ್ಮೆ ಸೀರೆ ಉಟ್ಟುಕೊಂಡೇ ಕೇಳುತ್ತಾರೆ. ಇಲ್ಲ, ಆಗುತ್ತಿರಲಿಲ್ಲ. ಹುಳ ತಣ್ಣಗಿರುತ್ತದೆ, ಎಳೆಗೂಸಿನ ಕಿವಿಯ ತುದಿಯ ಹಾಗೆ ಮೆತ್ತಗಿರುತ್ತದೆ, ಅಂಗೈ ಮೇಲೆ ಬಿಟ್ಟುಕೊಂಡರೆ ಕಚಗುಳಿ ಇಡುತ್ತದೆ. ಅದರ ಹಿಕ್ಕೆ ಕೂಡ ಒಣಗಿದ ಟೀ ಸೊಪ್ಪಿನ ಹಾಗೆ ಉದುರುತ್ತದೆಯೇ ಹೊರತು ನಾರುವುದಿಲ್ಲ. ನನಗೆ ಅಸಹ್ಯ ಹುಟ್ಟಿಸಿದ್ದು ಹುಳವಲ್ಲ. ಹುಳದ ವಿಷಯ ಓದಿಕೊಂಡು ಬಂದ ಒಬ್ಬ ಮನುಷ್ಯನ ತೋರುಬೆರಳು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಎದುರಿಗಿರುವ ತಟ್ಟೆಯನ್ನು ಆಚೆಗೆ ಸರಿಸಿಬಿಡುತ್ತೇನೆ.

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. ಕಾಲುವೆ ನೀರು ಹರಿದ ಕಡೆಯವರೆಲ್ಲ ಕಬ್ಬು ಹಾಕಿಕೊಂಡು ಮಂಡ್ಯದ ಕಡೆ ಗಾಡಿ ಕಟ್ಟುತ್ತಿದ್ದ ಕಾಲ ಅದು. ನೀರು ಏರದ ನಮ್ಮ ಕೆಮ್ಮಣ್ಣಿನ ಹೊಲಗಳಲ್ಲಿ ಹಿಪ್ಪುನೇರಳೆ ಇತ್ತು. ಮನೆಗೆ ಅಂಟಿಕೊಂಡಂತೆ, ಬೀದಿಗೆ ಬಾಗಿಲಿದ್ದ ಒಂದು ಉದ್ದನೆಯ ಕೋಣೆಯೇ ಹುಳದ ಮನೆ. ಒಳಗೆ ಒಂದರ ಮೇಲೊಂದು ಜೋಡಿಸಿದ, ಹುಳ ಸಾಕುವ ಬಿದಿರಿನ ತಟ್ಟೆಗಳು. ಬಾಗಿಲ ಮುಂದೆ ಜಗಲಿ. ಅಡಿಗೆಮನೆ ಅವ್ವನದು, ಹೊಲ ಅಪ್ಪನದು, ಆ ಉದ್ದನೆಯ ಕೋಣೆ ನನ್ನ ಸೋದರತ್ತೆಯದು.

ಅತ್ತೆ ಅಪ್ಪನಿಗೆ ಅಕ್ಕ. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಂಥ ಹೆಂಗಸರು ಊರಿನಲ್ಲಿ ಇನ್ನೂ ಇದ್ದರು. ಅವರು ಹಿತ್ತಿಲಿನಲ್ಲಿ ಕಾಳು ಕೇರುತ್ತಾ, ಕರೆದಾಗ ಬಂದು, ಉಳಿದದ್ದನ್ನು ಉಂಡು, ಇರುವುದೇ ಗೊತ್ತಾಗದ ಹಾಗೆ ಇರುತ್ತಿದ್ದರು. ಅತ್ತೆ ಹಾಗಲ್ಲ. ಹುಳ ಅವಳ ಕೈಗೆ ಒಗ್ಗಿತ್ತು. ಅದೊಂದೇ ಕಾರಣಕ್ಕೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇಡೀ ಮನೆಗೆ ಕೇಳುವಂತೆ ಕೂಗಬಹುದಾಗಿತ್ತು: "ಯಾರೇ ಅದು ಒಗ್ರಣೆ ಆಕಿದ್ದು? ಉಳ ಇನ್ನೂ ಕಣ್ ಬುಟ್ಟಿಲ್ಲ, ಗಾಟು ಬುಡ್ತೀರಲ್ರೇ!" ಅವ್ವ ಅಡಿಗೆಮನೆಯಿಂದಲೇ, "ಉಣ್ಣಾಗ ಯಾರ್ದೂ ಗಾಟಿರಾಕಿಲ್ಲ" ಎಂದು ಗೊಣಗಿ, ಬಾಣಲೆಗೆ ತಟ್ಟೆ ಮುಚ್ಚುತ್ತಿದ್ದಳು.

ಹುಳ ಎಂದರೆ ಅತ್ತೆಗೆ ಮನೆಗೆ ಬಂದ ಲಕ್ಷ್ಮಿ. ಅವುಗಳ ಮುಂದೆ ಕೆಟ್ಟ ಮಾತು ಆಡುವ ಹಾಗಿರಲಿಲ್ಲ. ಒಂದು ಸತ್ತರೆ 'ಸತ್ತಿತು' ಅನ್ನಬಾರದು, 'ಓಯ್ತು' ಅನ್ನಬೇಕು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತವು ಎನ್ನುತ್ತಾರೆ. ಆಗ ಬಾಗಿಲು ಧಡಾರನೆ ಹಾಕುವಂತಿಲ್ಲ. ಇಂಥ ನಾಲ್ಕು ಜ್ವರ ದಾಟಿದ ಮೇಲೆ ಅವಕ್ಕೆ ಬರುವ ಹಸಿವನ್ನು ನೋಡಬೇಕು. "ತಿಥಿ ಊಟಕ್ ಕೂತಂಗ್ ತಿಂತಾವೆ ನೋಡು, ಒಂದಾರಾ ತಲೆ ಎತ್ತದಾ?" ಎಂದು ಅತ್ತೆ ನಗುತ್ತಿದ್ದಳು. ನನಗೆ ಅಕ್ಷರ ಕಲಿಸಿದ್ದು ಮಳವಳ್ಳಿಯ ಸ್ಕೂಲು. ಮಾತು ಕಲಿಸಿದ್ದು ಮಾತ್ರ ಈ ಅತ್ತೆ, ಈ ಕೋಣೆಯಲ್ಲಿ, ಸೊಪ್ಪು ಹೆಚ್ಚುತ್ತಾ.

ಎಲ್ಲಕ್ಕಿಂತ ದೊಡ್ಡ ಕಟ್ಟುನಿಟ್ಟು ಬಾಗಿಲಲ್ಲಿತ್ತು. ಅಲ್ಲೊಂದು ನೀರಿನ ಕೊಳಗ, ಪಕ್ಕದಲ್ಲಿ ಹಿತ್ತಾಳೆ ತಂಬಿಗೆ. ಕೈಕಾಲು ತೊಳೆಯದೆ ಯಾರೂ ಒಳಕ್ಕಿಲ್ಲ. ಅಪ್ಪ ಹೊಲದಿಂದ ಬಂದರೂ ಅಷ್ಟೆ. ನೆಂಟರು ಬಂದರೆ ಅತ್ತೆ ತಾನೇ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು. ಇದರಲ್ಲೊಂದು ಸೂಕ್ಷ್ಮವಿತ್ತು. ಬಂದವರ ಕೈಗೆ ನೀರು ಕೊಟ್ಟರೆ ಅದು ಮರ್ಯಾದೆ; ತೊಳೆದುಕೊಂಡೇ ಬನ್ನಿ ಎಂದು ಬಾಯಿ ಬಿಟ್ಟು ಹೇಳಿದರೆ ಅದು ಅವಮರ್ಯಾದೆ, ನೀನು ಕೊಳಕ ಎಂದ ಹಾಗೆ. ಆದ್ದರಿಂದ ಯಾರೂ ಹೇಳುತ್ತಿರಲಿಲ್ಲ, ನೀರು ಕೊಡುತ್ತಿದ್ದರು ಅಷ್ಟೆ. ಕೊಟ್ಟ ನೀರನ್ನು ಬೇಡವೆನ್ನುವ ಮನುಷ್ಯ ಅಲ್ಲಿಯವರೆಗೆ ನಮ್ಮ ಬಾಗಿಲಿಗೆ ಬಂದಿರಲೇ ಇಲ್ಲ.

ಜಪಾನಿನವರು ಯುದ್ಧಕ್ಕಿಳಿದ ಮೇಲಿನ ಮಾತು. ವಿಮಾನದಿಂದ ಧುಮುಕುವವರ ಪ್ಯಾರಾಚೂಟಿಗೆ ರೇಷ್ಮೆ ಬೇಕಂತೆ ಎಂದು ಹೇಳಿ, ಊರಿನಲ್ಲಿ ಹುಳ ಇಡದವರೂ ಹುಳ ಇಡತೊಡಗಿದ್ದರು. ನನ್ನ ಗಂಡ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಯುದ್ಧದ ಕೆಲಸಕ್ಕೆ ಸೇರಿಕೊಂಡಿದ್ದರು. ನಾನು ಮೊದಲ ಬಸುರಿ. ಏನು ತಿಂದರೂ ನಿಲ್ಲದೆ, ತವರಿಗೆ ಬಂದು ಕೂತಿದ್ದೆ. ಹಾಗಿರುವಾಗ ಮದ್ದೂರಿನ ಕಡೆಯಿಂದ ಬರುವ ಇದ್ದಿಲು ಬಸ್ಸಿನಿಂದ, ಬೆನ್ನಿಗೆ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಬರುತ್ತಿತ್ತು ಅದು, ಆ ತೋರುಬೆರಳಿನ ಪಂಡಿತರು ಇಳಿದರು. ಕೋಟು, ರುಮಾಲು, ಕಾಲಲ್ಲಿ ಲೇಸು ಕಟ್ಟಿದ ಕರೀ ಬೂಟು, ಕಂಕುಳಲ್ಲೊಂದು ಬಿಸ್ಕತ್ತಿನ ಡಬ್ಬಿ.

ಅವರು ಯುದ್ಧಕ್ಕೆ ಮುಂಚೆ ಜಪಾನಿಗೆ ಹೋಗಿ ರೇಷ್ಮೆ ವಿದ್ಯೆ ಓದಿ ಬಂದವರು. ಅಲ್ಲಿನ ಭಾಷೆಯನ್ನೂ ಕಲಿತಿದ್ದರು. ಅವರ ಸಂಶೋಧನೆಗೆ ಮೂರು ಕವಲು ಎಂದು ಅವರೇ ಜಗಲಿಯ ಮೇಲೆ ಕೂತು ಅಪ್ಪನಿಗೆ ವಿವರಿಸಿದರು. ಒಂದು, ಹುಳಕ್ಕೆ ಬರುವ ರೋಗಗಳು. ಇನ್ನೊಂದು, ಹುಳ ಸಾಕುವ ಹೆಂಗಸರಿಗೆ ಬರುವ ಕೆಮ್ಮು, ಕೈಕಜ್ಜಿ. ಮತ್ತೊಂದು, ಜಪಾನೀ ಮಾತಿಗೂ ನಮ್ಮ ಹಳ್ಳಿ ಮಾತಿಗೂ ಇರುವ ನಂಟು. ಎರಡು ಭಾಷೆಯಲ್ಲೂ ಕೆಲಸದ ಮಾತು, ಅಂದರೆ ಕ್ರಿಯಾಪದ, ವಾಕ್ಯದ ಕೊನೆಗೆ ಬರುತ್ತದೆಯಂತೆ. ಅಪ್ಪ ಎಲ್ಲಕ್ಕೂ "ಔದಾ ಸ್ವಾಮಿ, ಔದಾ" ಅನ್ನುತ್ತಿದ್ದ. ಹಳ್ಳಿ ಹೆಂಗಸರ ಮಾತು ಬರೆದುಕೊಳ್ಳಬೇಕು, ಅವರು ತಮ್ಮ ಮುಂದೆ ಬಾಯಿ ಬಿಡುವುದಿಲ್ಲ, ಓದಿದ ಹುಡುಗಿಯೊಬ್ಬಳು ಮನೆಯಲ್ಲಿದ್ದಾಳೆಂದು ಕೇಳಿ ಬಂದೆ ಎಂದರು. ಆ ಹುಡುಗಿ ನಾನು.

ಅತ್ತೆಗೆ ಮೊದಲು ಅವರು ಬಹಳ ಇಷ್ಟವಾದರು, ಇದನ್ನೂ ಹೇಳಬೇಕು.

"ಜಪಾನಿನಲ್ಲಿ ಇದನ್ನು ಬರೀ ಹುಳ ಅಂತ ಕರೆಯೋದಿಲ್ಲಮ್ಮ" ಎಂದರು. "ಒಕಾಯಿಕೋ ಸಾಮ ಅಂತಾರೆ. ಹುಳದವರು, ಹುಳದ ಸ್ವಾಮಿಗಳು, ಅನ್ನೋ ಹಾಗೆ. ದೊಡ್ಡವರನ್ನ ಕರೆಯೋ ಮರ್ಯಾದೆ."

ಅತ್ತೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ಔದಾ ಬುದ್ದಿ! ಅಂಗಾರೆ ಅವ್ರೂ ನಮ್ಮಂಗೆ ಒಕ್ಲು ಮಕ್ಳೇಯ."

"ಅಕ್ಕ, ಮೆಲ್ಲುಕ್ ಮಾತಾಡು" ಎಂದು ಅಪ್ಪ ಬೀದಿಯ ಕಡೆ ನೋಡಿದ. "ಅವ್ರು ಸರ್ಕಾರುದ್ ಸತ್ರುಗೋಳು."

"ಸತ್ರುಗೋಳ್ ಮನೇಲಿ ಉಳ ಇರಾಕಿಲ್ವೇನ್ಲಾ?"

ಪಂಡಿತರು ನಕ್ಕು, ಪೊಲೀಸರ ಕಣ್ಣಿಗೆ ಬೀಳದಿರಲೆಂದು ಕಂದು ಕಾಗದದ ಹೊದಿಕೆ ಹಾಕಿದ್ದ ಒಂದು ಜಪಾನೀ ಪುಸ್ತಕವನ್ನು ತೆಗೆದು ನಮಗೆ ಓದಿ ಓದಿ ಅರ್ಥ ಹೇಳಿದರು. ಆ ದೇಶದಲ್ಲಿ ಹುಳದ ಮನೆಯ ಬಾಗಿಲಲ್ಲೇ ಬೇರೆ ಚಪ್ಪಲಿ ಇಟ್ಟಿರುತ್ತಾರೆ. ಹೊರಗಿನ ಚಪ್ಪಲಿ ಒಳಗೆ ಹೋಗುವುದಿಲ್ಲ. ಕೈ ತೊಳೆಯದೆ ಸೊಪ್ಪು ಮುಟ್ಟುವುದಿಲ್ಲ. ಏಕೆಂದರೆ ಹಾಲು ರೋಗ ಒಂದು ಹುಳದಿಂದ ಇನ್ನೊಂದಕ್ಕೆ ಹೋಗುವುದೇ ಕೈಯಿಂದ, ಸೊಪ್ಪಿನಿಂದ. ಎಷ್ಟು ಚೆನ್ನಾಗಿ ಹೇಳಿದರೆಂದರೆ ಅತ್ತೆ ನನ್ನ ಪಕ್ಕೆ ತಿವಿದು, "ಕೇಳುಸ್ಕಂಡ್ಯಾ? ನಾನೇನಾರಾ ಇದ್ನೇ ಯೋಳುದ್ರೆ ಮುದ್ಕಿ ವಟವಟ ಅಂತೀರ" ಎಂದಳು.

ಓದಿ ಮುಗಿಸಿದವರು ಪುಸ್ತಕ ಮಡಚಿ, ಡಬ್ಬಿ ಎತ್ತಿಕೊಂಡು, "ಎಲ್ಲಿ, ನಿಮ್ಮ ಹುಳ ನೋಡೋಣ" ಎಂದು ಎದ್ದರು. ಅತ್ತೆ ತಂಬಿಗೆ ತುಂಬಿಸಿ ಚಾಚಿದಳು. ಪಂಡಿತರು ಅದನ್ನು ನೋಡಿ, ಎರಡನೇ ಸಲ ಕಾಫಿ ಬೇಡವೆನ್ನುವವರ ಹಾಗೆ ಕೈಯಾಡಿಸಿ, "ಪರವಾಗಿಲ್ಲ, ಪರವಾಗಿಲ್ಲ, ಯಾಕೆ ತೊಂದರೆ" ಎಂದರು. ಹಾಗೆಂದು ಬೂಟು ಕಾಲಿನಲ್ಲೇ ಹೊಸಿಲು ದಾಟಿದರು.

ಅತ್ತೆ ತಂಬಿಗೆ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ಅಪ್ಪನ ಮುಖ ನೋಡಿದಳು.

"ಬುಡಕ್ಕ" ಎಂದ ಅಪ್ಪ ಪಿಸುದನಿಯಲ್ಲಿ. "ಅಂತಾ ದೊಡ್ಡೋರ್ಗೆ ಕಾಲ್ ತೊಳ್ಕಳಿ ಅನ್ನಕ್ಕಾದದಾ? ಉಳುದ್ ಡಾಕ್ಟ್ರೇ ಅವ್ರು."

ಒಳಗೆ ಪಂಡಿತರು ಡಬ್ಬಿ ಬಿಚ್ಚಿದರು. ಚಿಕ್ಕರಸಿನಕೆರೆಯ ಕಡೆಯ ಒಂದು ಮನೆಯಿಂದ ಬೆಳಿಗ್ಗೆ ತಂದ ರೋಗದ ಹುಳಗಳು ಅದರಲ್ಲಿದ್ದವು, ಬಾತುಕೊಂಡು, ಮೈ ಹೊಳೆಯುತ್ತಾ, ಒಂದರ ಮೇಲೊಂದು. ಒಂದನ್ನು ಎತ್ತಿ ಹಿಡಿದು, ತೋರುಬೆರಳಿನಿಂದ ಹಾಗೆ ಒತ್ತಿದರು. ಚರ್ಮ ಒಡೆದು ಬೆಳ್ಳಗೆ, ಗಟ್ಟಿ ಹಾಲಿನ ಹಾಗೆ ಇಳಿಯಿತು. "ಇದೇ ನೋಡಿ, ಹಾಲು ರೋಗ. ಇದರ ಒಂದು ಹನಿ ಸಾಕು" ಎಂದರು. ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ಒರೆಸಿಕೊಳ್ಳಲು ಅತ್ತ ಇತ್ತ ನೋಡಿದರು. ಜೇಬಿನಲ್ಲಿ ಕರ್ಚೀಫು ಇತ್ತು, ಇಸ್ತ್ರಿ ಮಾಡಿದ್ದು, ಅದನ್ನು ತೆಗೆಯಲಿಲ್ಲ. ಒದ್ದೆ ಗೋಣಿ ಹೊದಿಸಿಟ್ಟಿದ್ದ ಸೊಪ್ಪಿನ ರಾಶಿಯಿಂದ ಒಂದು ಎಲೆ ಕಿತ್ತು, ಬೆರಳನ್ನು ಅದಕ್ಕೆ ಒರೆಸಿ, ಎಲೆಯನ್ನು ಮತ್ತೆ ಅದೇ ರಾಶಿಯ ಮೇಲೆ ಹಾಕಿದರು. ಹಾಕಿ, ಅದೇ ಬೆರಳಿನಿಂದ ನಮ್ಮ ತಟ್ಟೆಯ ಹುಳವೊಂದನ್ನು ಎತ್ತಿ, "ಇದು ಆರೋಗ್ಯವಾಗಿದೆ" ಎಂದರು. ಇನ್ನೊಂದು ತಟ್ಟೆ. ಅಲ್ಲೂ ಎತ್ತಿ ನೋಡಿದರು. ಮತ್ತೊಂದು.

ನಾನು ಹೊರಗೆ ಓಡಿ ಬಂದು ಚರಂಡಿಯ ಪಕ್ಕ ಕಾರಿಕೊಂಡೆ. ಬಸುರಿ ಹುಡುಗಿ, ಪಾಪ ಎಂದುಕೊಂಡರು ಎಲ್ಲರೂ. ಪಂಡಿತರೂ ಹಿಂದೆಯೇ ಬಂದು, ಕನಿಕರದಿಂದಲೇ ಇರಬೇಕು, ಪೆನ್ಸಿಲು ತೆಗೆದು, "ಬಸುರಿಯ ವಾಕರಿಕೆಗೆ ನಿಮ್ಮ ಕಡೆ ಬೇರೆ ಮಾತು ಇದೆಯೇನಮ್ಮ?" ಎಂದು ಕೇಳಿದರು. ನಾನು ಬಾಯಿ ಒರೆಸಿಕೊಳ್ಳುತ್ತಿದ್ದೆ.

ಅತ್ತೆ ಆ ಎಲೆಯನ್ನೂ ಅದರ ಸುತ್ತಲಿನ ಒಂದು ತೆಕ್ಕೆ ಸೊಪ್ಪನ್ನೂ ಬಾಚಿ ಒಲೆಗೆ ಹಾಕಿದಳು. ಬೂಟಿನ ಗುರುತಿದ್ದ ಕಡೆಯೆಲ್ಲ ಸಗಣಿ ಸಾರಿಸಿದಳು. ಆದರೆ ಆ ಬೆರಳು ಎಲ್ಲೆಲ್ಲಿ ಆಡಿತ್ತೋ ಅಲ್ಲೆಲ್ಲ ಸಾರಿಸುವುದಕ್ಕಾಗುತ್ತದೆಯೇ? ಅಷ್ಟರಲ್ಲಿ ಅವ್ವ ಪಂಡಿತರಿಗೆಂದು ಹಾಲು ಹಣ್ಣು ತಂದಳು. ಆಗ ಅವರು ನೀರು ಕೇಳಿದರು. ಸೀಗೆಪುಡಿಯನ್ನೂ ಕೇಳಿದರು. ಜಗಲಿಯ ಅಂಚಿಗೆ ಕೂತು, ಬೆರಳಿನ ಸಂದು, ಉಗುರಿನ ಬುಡ, ಮೊಳಕೈವರೆಗೂ ತಿಕ್ಕಿ ತಿಕ್ಕಿ ತೊಳೆದುಕೊಂಡರು. ಕರ್ಚೀಫು ಆಗ ಹೊರಗೆ ಬಂತು. ಆಮೇಲೆ ಹಾಲು ಕುಡಿದರು. ಕುಡಿದು, ಅದೇ ಬೀದಿಯ ಇನ್ನೂ ಕೆಲವು ಮನೆಗಳಿಗೆ ಡಬ್ಬಿ ಸಮೇತ ಹೋದರು.

ನಾಲ್ಕನೇ ಜ್ವರ ಎದ್ದ ಮೇಲೆ ನಮ್ಮ ಹುಳಗಳಿಗೆ ಹಸಿವು ಬರಲಿಲ್ಲ. ಹಾಕಿದ ಸೊಪ್ಪು ಹಾಕಿದಂತೆ ಬಾಡಿತು. ಮೈ ಬಾತು ಹೊಳೆಯತೊಡಗಿತು. ಒಂದೊಂದೇ ಹುಳ ತಟ್ಟೆಯ ಅಂಚಿಗೆ ಬಂದು ಸುತ್ತತೊಡಗಿತು, ಏನೋ ಕಳೆದುಕೊಂಡು ಹುಡುಕುವ ಹಾಗೆ. ಆಮೇಲೆ ಒಡೆಯತೊಡಗಿದವು. ತಟ್ಟೆಯಿಂದ ತಟ್ಟೆಗೆ ಬಿಳೀ ರಸ ತೊಟ್ಟಿಕ್ಕಿ ಕೆಳಗಿನ ಹುಳಗಳ ಮೇಲೆ ಬಿತ್ತು. ನಂತರ ಅದು ಕಂದು ಬಣ್ಣಕ್ಕೆ ತಿರುಗಿ ನಾರಿತು. ಕೊಳೆತ ಮೀನೂ ಅಲ್ಲ, ಹುಳಿಬಂದ ಗಂಜಿಯೂ ಅಲ್ಲ, ಎರಡನ್ನೂ ಬೆರೆಸಿ ಬಿಸಿಲಿಗಿಟ್ಟ ಹಾಗೆ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡಬೇಕೆಂದು ತಂದು ಒರಗಿಸಿದ್ದ ಬಿದಿರಿನ ಚಂದ್ರಿಕೆಗಳು ಖಾಲಿ ನಿಂತಿದ್ದವು. ಅಪ್ಪ ತಿಪ್ಪೆಯ ಹಿಂದೆ ಗುಂಡಿ ತೋಡಿದ. ಅತ್ತೆ ಒಂದೊಂದು ತಟ್ಟೆಯನ್ನೂ ತಾನೇ ಹೊತ್ತು ತಂದು ಮಗುಚಿ, ಸುಣ್ಣ ಹಾಕಿ ಮುಚ್ಚಿದಳು. "ಓದ್ವು" ಎಂದಳು. ಅಷ್ಟೇ.

ಬೀದಿಯಲ್ಲಿ ಇನ್ನೂ ಕೆಲವು ಮನೆಗಳಲ್ಲಿ ಹೀಗೆಯೇ ಆಯಿತು. ಹುಳದ ಬೆಳೆ ಕೆಟ್ಟರೆ ನಮ್ಮೂರಿನಲ್ಲಿ ಮೊದಲು ಹುಡುಕುವುದು ರೋಗವನ್ನಲ್ಲ, ಹೆಂಗಸನ್ನು. ಯಾರು ಮುಟ್ಟಾಗಿ ಒಳಗೆ ಹೋದಳು, ಯಾರ ನೆರಳು ಬಿತ್ತು, ಯಾರ ಕೈ ಸರಿಯಿಲ್ಲ. ಅವ್ವನನ್ನು ಕೇಳಿದರು, ನನ್ನ ಬಸುರನ್ನು ಹಿಡಿದು ಆಡಿದರು, ಕೊನೆಗೆ ಬಾವಿಕಟ್ಟೆಯ ಮೇಲಿನ ಮಾತು ಅತ್ತೆಯ ಬೋಳು ಕೈಗಳಿಗೆ ಬಂದು ನಿಂತಿತು. ಇಷ್ಟು ವರ್ಷ ಆ ಕೈ ಬೆಳೆದ ಗೂಡನ್ನು ನೋಡಿ ಹೊಟ್ಟೆ ಉರಿದುಕೊಂಡವರೇ, "ತಾಳಿ ಕಳ್ಕಂಡ್ ಕೈಯ ಲಕ್ಸ್ಮಿ ಮ್ಯಾಲೆ ಇಕ್ಕುದ್ರೆ ಇನ್ನೇನಾದದು" ಎಂದರು.

ಅಪ್ಪ ಕೆಟ್ಟವನಲ್ಲ. ಆದರೆ ಊರಿನ ಬಾಯಿಗೆ ಹೆದರುವವನು. ಒಂದು ಬೆಳಿಗ್ಗೆ ಅತ್ತೆಯ ಮುಖ ನೋಡದೆ, ಎತ್ತಿನ ಹಗ್ಗ ಬಿಚ್ಚುತ್ತಾ ಹೇಳಿದ: "ಮುಂದುಲ್ ಬೆಳೆಗೆ ನೀನ್ ಒಳಕ್ ಬ್ಯಾಡ ಕಣಕ್ಕ. ಅವ್ಳೇ ನೋಡ್ಕತಾಳೆ."

ಅವ್ವ ಕೈಲಿದ್ದ ಸೌಟು ಬಿಟ್ಟಳು. "ನಾನಾ? ನಂಗೆ ಉಳ ತಲೆ ಯಾವ್ದು ಬಾಲ ಯಾವ್ದು ಅಂತ್ಲೇ ತಿಳೀದು."

ಅತ್ತೆ ಸೆರಗನ್ನು ಸೊಂಟದಿಂದ ತೆಗೆದು ತಲೆಗೆ ಹೊದ್ದುಕೊಂಡಳು. ಅವಳು ತಲೆಗೆ ಹೊದ್ದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಹುಳದ ಮನೆಯೊಂದು ಇಲ್ಲದಿದ್ದರೆ ಆ ಮನೆಯಲ್ಲಿ ಅವಳು ಯಾರು? ಹಿತ್ತಿಲಿನಲ್ಲಿ ಕಾಳು ಕೇರುವ ಇನ್ನೊಬ್ಬಳು. ಅದು ಅವಳಿಗೂ ಗೊತ್ತಿತ್ತು, ನನಗೂ.

ಹಾಗಾಗಿ ಪಂಡಿತರು ಮತ್ತೆ ಬಂದಾಗ ನಾನು ಜಗಲಿಯಲ್ಲೇ ತಡೆದು ಕೇಳಿದೆ. ಅವರಿಗೆ ಆ ದಿನ ಹೆಂಗಸರ ಕೈ ನೋಡುವ ಕೆಲಸವಿತ್ತು, ವೈದ್ಯದ ಕವಲು. "ಸ್ವಾಮಿ, ರೋಗ ಕೈಯಿಂದ ಬರುತ್ತೆ ಅಂತ ನೀವೇ ಪುಸ್ತಕ ಓದಿ ಹೇಳಿದಿರಿ. ರೋಗದ ಹುಳದ ರಸ ಒರೆಸಿದ ಎಲೆ ನಮ್ಮ ಸೊಪ್ಪಿಗೆ ಬಿತ್ತು. ಅಷ್ಟು ಮಾತನ್ನ ಅಪ್ಪನ ಹತ್ತಿರ ಹೇಳಿ. ನಮ್ಮತ್ತೆಯದಲ್ಲ ತಪ್ಪು ಅಂತ ಹೇಳಿ, ಸಾಕು."

ಅವರು ಕನ್ನಡಕ ತೆಗೆದು ಒರೆಸಿದರು. "ವಿಜ್ಞಾನದಲ್ಲಿ ಇದೇ ಕಾರಣ ಅಂತ ಬೆರಳು ತೋರಿಸೋಕಾಗಲ್ಲ ತಾಯಿ. ನೂರೆಂಟು ಇರುತ್ತೆ. ಹವೆ, ಸೊಪ್ಪು, ಮೊಟ್ಟೆ..."

"ಬೆರಳು ನಿಮ್ಮದೇ ಸ್ವಾಮಿ" ಎಂದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಅಪ್ಪನೂ ಪಕ್ಕದ ಮನೆಗಳ ಒಂದಿಬ್ಬರು ಹಿರಿಯರೂ ಬಂದು ಕೂತಾಗ ಅಪ್ಪನೇ ಕೇಳಿದ: "ಸ್ವಾಮಿ, ತಿಳ್ದೋರು ನೀವು. ಯೆಣ್ಮಕ್ಳು ಮೈಲ್ಗೆಯಿಂದ ಇಂಗಾಯ್ತದಾ?"

ಒಂದು ಗಳಿಗೆ ಅವರು ನನ್ನ ಕಡೆ ನೋಡಿದರು. ಅವರು ಆಡಬೇಕಿದ್ದದ್ದು ಇಲ್ಲ ಎಂಬ ಒಂದು ಮಾತು, ಅದೂ ಸಣ್ಣದು. ಬಿಸ್ಕತ್ತಿನ ಡಬ್ಬ ಅವರ ಬೂಟಿನ ಪಕ್ಕದಲ್ಲೇ ಇತ್ತು.

"ಹಿರಿಯರ ನಂಬಿಕೆಯಲ್ಲೂ ಏನಾದರೂ ಅರ್ಥ ಇದ್ದೇ ಇರುತ್ತೆ" ಎಂದರು. "ಅದನ್ನ ಇನ್ನೂ ಪರೀಕ್ಷೆ ಮಾಡಬೇಕು."

ಹಿರಿಯರು ತಲೆಯಾಡಿಸಿದರು. ಜಪಾನಿನವರೆಗೆ ಹೋಗಿ ಬಂದವರೇ ಅಂದ ಮೇಲೆ ಇನ್ನೇನು? ಅದೇ ಹೊತ್ತಿಗೆ ಎದುರು ಮನೆಯವಳು, ತನ್ನ ಹುಳವನ್ನೂ ಗುಂಡಿಗೆ ಹಾಕಿದ್ದವಳು, ಬೀದಿಗೆ ಇಳಿದು ನಮ್ಮತ್ತೆಯನ್ನು ಹಿಡಿದು ಬೈಯತೊಡಗಿದಳು. ಅವಳ ಬೈಗುಳ ಊರಿನಲ್ಲಿ ಹೆಸರಾದದ್ದು. ಗಂಡನನ್ನು, ಹೊಟ್ಟೆಯನ್ನು, ಹಣೆಯನ್ನು, ಒಂದನ್ನೂ ಬಿಡಲಿಲ್ಲ. ಅತ್ತೆ ಬಾಗಿಲ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನಾನು ಪಂಡಿತರ ಕಡೆ ತಿರುಗಿದೆ, ಈಗಲಾದರೂ ಒಂದು ಮಾತು ಆಡಲಿ ಎಂದು.

ಅವರು ಪೆನ್ಸಿಲು ತೆಗೆದಿದ್ದರು. ಮುಖ ಅರಳಿತ್ತು. "ಆ ಕೊನೇ ಮಾತು ಇನ್ನೊಂದು ಸಲ ಹೇಳಿಸ್ತೀರಾಮ್ಮ? ಹಳೇ ರೂಪ ಅದು, ಬಹಳ ಅಪರೂಪ" ಎಂದರು.

ಹುಳ ಕೊಳೆತ ವಾಸನೆ ಸೀಗೆಕಾಯಿಗೆ ಹೋಗುತ್ತದೆ. ಇದು ಹೋಗಲಿಲ್ಲ. ಆ ಕ್ಷಣದಲ್ಲಿ ನನಗೆ ಆ ಮನುಷ್ಯನ ಪೆನ್ಸಿಲು, ರುಮಾಲು, ಆ ಸೌಮ್ಯವಾದ ದನಿ, ಎಲ್ಲದರ ಮೇಲೂ ಆ ಬಿಳೀ ರಸ ಜಿಗುಟಾಗಿ ಅಂಟಿಕೊಂಡ ಹಾಗೆ ಕಂಡಿತು. ಅವರ ಮೇಲೆ ಮಾತ್ರವಲ್ಲ, ತಂಬಿಗೆಯನ್ನು ಕೆಳಗಿಳಿಸಿದ ನಮ್ಮ ಮನೆಯ ಮೇಲೂ. ಕೂಲಿಯಾಳು ಕಾಲು ತೊಳೆಯದೆ ಬಂದಿದ್ದರೆ ಅಪ್ಪ ಅಟ್ಟಿಸಿಕೊಂಡು ಹೋಗುತ್ತಿದ್ದ. ಬೂಟು ಬಂದರೆ ಲಕ್ಷ್ಮಿಯೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಗಿತ್ತು.

ಮುಂದಿನ ಬೆಳೆಗೆ ಅವ್ವ ಒಳಗೆ, ಅತ್ತೆ ಹೊರಗೆ ಜಗಲಿಯ ಮೇಲೆ. ಅವ್ವ ಪದೇ ಪದೇ ಬಾಗಿಲಿಗೆ ಬಂದು, "ಅತ್ಗೆ, ಸೊಪ್ಪ ಇಷ್ಟ್ ದಪ್ಪ ಎಚ್ಚುದ್ರೆ ಸಾಕಾ? ಅತ್ಗೆ, ಇವು ಯಾಕೆ ತಲೆ ಎತ್ಕಂಡವೆ?" ಎಂದು ಕೇಳುತ್ತಿದ್ದಳು. ಅತ್ತೆ ಬೀದಿಯನ್ನೇ ನೋಡುತ್ತಿದ್ದಳು. ಹೀಗಿರುವಾಗ ಇದ್ದಿಲು ಬಸ್ಸು ಕೆಮ್ಮಿತು. ಪಂಡಿತರು ಬಂದರು, ಡಬ್ಬವೂ ಬಂತು. ಅವರು ಬಂದರೆಂದರೆ ಬೀದಿಯವರೂ ಬಂದು ಸುತ್ತ ನಿಲ್ಲುತ್ತಿದ್ದರು. ಬೈದಿದ್ದ ಎದುರು ಮನೆಯವಳೂ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಪ್ಪ ಎದ್ದು, "ಬನ್ನಿ ಸ್ವಾಮಿ, ಒಳಕ್ ಬನ್ನಿ" ಎಂದ.

ಅತ್ತೆ ಹೊಸಿಲಿಗೆ ಅಡ್ಡಲಾಗಿ ಕಾಲು ಚಾಚಿದಳು.

"ಒಳಕ್ಕೆ ನಾನೂ ಓಗಂಗಿಲ್ಲ, ನೀವೂ ಓಗಂಗಿಲ್ಲ" ಎಂದಳು. "ಬನ್ನಿ ಬುದ್ದಿ, ಕೂತ್ಕಳಿ ನನ್ ಜೊತೆ. ಇಬ್ರೂ ಆಚೇಲೇ ಇರಾನ."

ಜನ ನಕ್ಕರು. ಪಂಡಿತರೂ ನಕ್ಕು ಕೂತರು. ಅವರಿಗೆ ಅತ್ತೆಯ ಮಾತೆಂದರೆ ಬಲು ಇಷ್ಟ, ಬರೆದುಕೊಳ್ಳುವುದಕ್ಕೆ.

"ಡಬ್ಬ ಬಿಚ್ಚಿ, ನೋಡಾನ. ಇವತ್ ಯಾವೂರ್ ನೆಂಟ್ರುನ್ನ ಕರ್ಕಂಡ್ ಬಂದಿದ್ದೀರಿ?"

ಅವರು ಬಿಚ್ಚಿದರು. ಅದೇ ಬಾತ ಹುಳ, ಅದೇ ಬೆರಳು, ಅದೇ ಹಾಲು. ಬೀದಿಯವರು ಬಗ್ಗಿ ನೋಡಿದರು. ಅತ್ತೆಯೂ ಬಗ್ಗಿ ನೋಡಿ, ಮಡಿಲಿನಿಂದ ಒಂದು ಅಚ್ಚು ಬೆಲ್ಲ ತೆಗೆದಳು. ಹೊಸ ಬೆಲ್ಲ, ಇನ್ನೂ ಆಲೆಮನೆಯ ವಾಸನೆ ಇತ್ತು.

"ತಕಳಿ ಬುದ್ದಿ. ಬಿಸ್ಲಲ್ ಬಂದಿದ್ದೀರಿ. ಬಾಯ್ಗಾಕಳಿ."

"ಕೈ ತೊಳ್ಕೊಂಡು ತಿಂತೀನಮ್ಮ."

"ಅಯ್ಯೋ, ಪರ್ವಾಗಿಲ್ಲ, ಪರ್ವಾಗಿಲ್ಲ. ಯಾಕೆ ತೊಂದ್ರೆ" ಎಂದಳು ಅತ್ತೆ. ಪಕ್ಕದ ಬುಟ್ಟಿಯಿಂದ ಒಂದು ಹಿಪ್ಪುನೇರಳೆ ಎಲೆ ತೆಗೆದು ಚಾಚಿದಳು. "ಇದ್ರಲ್ ಒರ್ಸ್ಕಂಡ್ ತಿನ್ನಿ. ಅವತ್ ಒರ್ಸ್ಕಂಡ್ರಲ್ಲ."

"ಛೆ ಛೆ, ಎಲ್ಲಾದರೂ ಉಂಟೇ? ರೋಗದ ಹುಳದ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ನಿಮ್ ಬಾಯ್ಗಾದ್ರೆ ರೋಗ" ಎಂದಳು ಅತ್ತೆ. ದನಿ ಏರಿಸಲಿಲ್ಲ. "ನಮ್ ಉಳುದ್ ಬಾಯ್ಗೆ?"

ಎದುರು ಮನೆಯವಳ ಕೈ ಸೊಂಟದಿಂದ ಕೆಳಗಿಳಿಯಿತು. "ನಮ್ಮನೇಲೂ ಅಂಗೇ ಒರ್ಸುದ್ರು ಕಣಕ್ಕ" ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ನಾನೇ ಎಲೆ ಕಿತ್ಕೊಟ್ಟೆ."

ಆಗಲಾದರೂ ಒಪ್ಪಿಕೊಂಡಿದ್ದರೆ ನಾನು ಈ ಮುದಿ ವಯಸ್ಸಿನಲ್ಲಿ ಇದನ್ನು ಬರೆಯುತ್ತಿರಲಿಲ್ಲವೇನೋ. ಪಂಡಿತರು ಬಸ್ಸಿಗೆ ಹೊತ್ತಾಯಿತು ಎಂದರು. ನೀರು ಕೇಳಿದರು. "ಕೊಡವ್ವ ಮಗ, ಮರ್ಯಾದೆಯಾಗ್ ಕೊಡು" ಎಂದಳು ಅತ್ತೆ. ನಾನು ತಂಬಿಗೆಯಿಂದ ಸುರಿದೆ. ಬೆಳ್ಳಗಿನ ನೀರು ಅವರ ಬೆರಳಿನಿಂದ ಇಳಿದು ಬೂಟಿನ ಮೂತಿಯ ಮೇಲೆ ತೊಟ್ಟಿಕ್ಕಿತು. ಉಗುರಿನ ಸಂದಿಯನ್ನೂ ಬಿಡದೆ ತೊಳೆದುಕೊಂಡು, ಡಬ್ಬವನ್ನು ಅಲ್ಲೇ ಮರೆತು ಹೋದರು. ಅಥವಾ ಎಲ್ಲರ ಮುಂದೆ ಅದನ್ನು ಎತ್ತಿಕೊಳ್ಳಲು ನಾಚಿದರೋ. ಅತ್ತೆ ಎರಡು ಕಡ್ಡಿಯಲ್ಲಿ ಅದನ್ನು ಎತ್ತಿ, ತಿಪ್ಪೆಯ ಹಿಂದಿನ ಗುಂಡಿಗೆ ಹಾಕಿ ಬಂದಳು.

ಬಂದು ಮತ್ತೆ ಜಗಲಿಯ ಮೇಲೆಯೇ ಕೂತಳು. ಅಪ್ಪ ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿ, ಕೊಳಗದಿಂದ ತಂಬಿಗೆ ತುಂಬಿಸಿ ಅವಳ ಮುಂದೆ ಹಿಡಿದ.

"ಸೊಪ್ ಬಾಡ್ತಾ ಅದೆ ಕಣಕ್ಕ."

"ಯಾಕೆ, ನಿನ್ ಎಂಡ್ರಿಲ್ವಾ?"

ಒಳಗಿನಿಂದ ಅವ್ವ ಅಳುದನಿಯಲ್ಲಿ, "ಅತ್ಗೆ, ನಿಮ್ ಕಾಲಿಗ್ ಬೀಳ್ತೀನಿ, ಬಂದ್ಬುಡಿ. ಜ್ವರುಕ್ ಕೂತವೋ ಮುನುಸ್ಕಂಡ್ ಕೂತವೋ ಒಂದೂ ತಿಳೀದು" ಎಂದಳು.

ಅತ್ತೆ ತಂಬಿಗೆ ಇಸಿದುಕೊಂಡಳು. ಕೈ ತೊಳೆದಳು, ಕಾಲು ತೊಳೆದಳು, ತಲೆಯ ಮೇಲಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಹೋದ ಮರುಗಳಿಗೆಯೇ ಬೀದಿಗೆ ಕೇಳುವಂತೆ ದನಿ ಬಂತು: "ಅಯ್ಯಯ್ಯೋ, ಇದೇನೇ ಸೊಪ್ಪ ದನುಕ್ ಆಕ್ದಂಗ್ ಆಕಿದ್ದೀಯ!"

ಆ ಬೆಳೆ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಸೆಕೆ ಹೆಚ್ಚಾಗಿತ್ತು, ಗೂಡು ತೆಳುವಾಗಿತ್ತು. ಆದರೆ ಯಾವ ಹೆಂಗಸಿನ ಕೈ ಎಂದು ನಮ್ಮ ಬೀದಿಯಲ್ಲಿ ಯಾರೂ ಹುಡುಕಲಿಲ್ಲ. ಆಚೆ ಬೀದಿಯಲ್ಲಿ ಹುಡುಕುತ್ತಲೇ ಇದ್ದರು. ಅದು ಅಷ್ಟು ಬೇಗ ಹೋಗುವ ರೋಗವಲ್ಲ. ಅಪ್ಪನಂತೂ ಆಮೇಲೆ ಅಮಲ್ದಾರರು ಬಂದಾಗಲೂ ಬಾಗಿಲಲ್ಲಿ ತಂಬಿಗೆ ಹಿಡಿದು, ಅವರು ಬೂಟು ಬಿಚ್ಚುವವರೆಗೂ ಸುಮ್ಮನೆ ನಗುತ್ತಾ ನಿಂತಿದ್ದ.

ಯುದ್ಧ ಮುಗಿದು, ದೇಶಕ್ಕೆ ಸ್ವಾತಂತ್ರ್ಯ ಬರುವ ಹೊತ್ತಿಗೆ ನಾನು ಬೆಂಗಳೂರಿನಲ್ಲಿದ್ದೆ. ಆ ಪಂಡಿತರು ಯಾವುದೋ ಸಭೆಯಲ್ಲಿ ಹಳ್ಳಿಯ ಬೈಗುಳಗಳನ್ನೂ ಜಪಾನೀ ಮಾತುಗಳನ್ನೂ ಹೋಲಿಸಿ ಭಾಷಣ ಮಾಡಿದರು, ಜನ ಚಪ್ಪಾಳೆ ತಟ್ಟಿದರು ಎಂದು ನನ್ನ ಗಂಡ ಬಂದು ಹೇಳಿದರು. ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ಅದು ನಮ್ಮತ್ತೆಯ ಮೇಲೆ ಬಿದ್ದ ಬೈಗುಳ, ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಾಗ ಬಿದ್ದದ್ದು. ಹುಳದ ರೋಗದ ಬಗ್ಗೆ ಅವರು ಏನು ಹೇಳಿದರೆಂದು ಕೇಳಿದೆ. ಏನೂ ಹೇಳಲಿಲ್ಲವಂತೆ.

ಮುಂದಿನ ಸಲ ಊರಿಗೆ ಹೋದಾಗ ಅತ್ತೆಗೆ ಈ ಸಂಗತಿ ಹೇಳಿದೆ. ಅವಳು ಸೊಪ್ಪು ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಿ, "ಎಲ್ರೂ ಚಪ್ಪಾಳೆ ತಟ್ಟುದ್ರಾ?" ಎಂದು ಕೇಳಿದಳು. ಹೌದಂತೆ ಎಂದೆ. "ಅವುನ್ ಕೈ ಕುಲುಕ್ದೋರ್ ಯಾರಾರಾ ಇದ್ರೆ ಮನೇಗೋಗಿ ತೊಳ್ಕಳಕ್ಕೆ ಯೋಳವ್ವ" ಎಂದಳು. ಅಷ್ಟರಲ್ಲಿ ನನ್ನ ಮಗಳು ಅಂಗಳದಲ್ಲಿ ಆಡುತ್ತಿದ್ದವಳು ಹುಳ ನೋಡಬೇಕೆಂದು ಒಳಗೆ ನುಗ್ಗಿದಳು. ಅತ್ತೆ ಕತ್ತಿ ಕೆಳಗಿಟ್ಟು ಎದ್ದು, ಹೊಸಿಲ ಮೇಲೆಯೇ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

"ಎಲ್ಲೆಲ್ ಮುಟ್ಕಂಡ್ ಬಂದ್ಯೇ? ತೋರ್ಸು ಕೈಯ."